ಗಂಗಾಳದಾಗಿನ ಜೀವ: ಮಾಂಸ, ತತ್ತಿ, ಹಾಲು ಮತ್ತು ಬದಲಿ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಾಂಸ ಬಿಡಬೇಕು, ಕಡಿಮೆ ಮಾಡಬೇಕು, ಏನೂ ಆಗದಿದ್ದರೆ ಅದರ ಹಿಂದಿನ ಸಂಗತಿಯನ್ನಾದರೂ ತಿಳಿದುಕೊಳ್ಳಬೇಕು ಎನ್ನುವವರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ.

ಮಾಂಸ ತಿನ್ನೋದು ತಪ್ಪೇನ್ರಿ?

ಕುರಿ, ಕೋಳಿ, ಎಮ್ಮೆಗಳಿಗೆ ನೋವು ಗೊತ್ತಾಗುತ್ತದೆ, ಅಂಜಿಕೆಯೂ ಗೊತ್ತಾಗುತ್ತದೆ. ಕುರಿ ಸಾಕಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಸಸ್ತನಿಗಳಿಗೂ ಹಕ್ಕಿಗಳಿಗೂ ಪ್ರಜ್ಞೆ ಹುಟ್ಟಿಸುವ ನರವ್ಯವಸ್ಥೆ ಇದೆ ಎಂದು 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ನರವಿಜ್ಞಾನಿಗಳು ಬರೆದು ಸಹಿ ಹಾಕಿದರು. ನೋವು ಉಣ್ಣುವ ಜೀವಕ್ಕೆ ನೋವು ಕೊಡುವುದಕ್ಕೆ ಒಂದು ಗಟ್ಟಿ ಕಾರಣ ಬೇಕು. ಹೊಟ್ಟೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಅದು ಗಟ್ಟಿ ಕಾರಣ. ಅಂಗಡಿಯಲ್ಲಿ ಮಡಕಿಕಾಳು, ಕಡಲಿಬ್ಯಾಳಿ, ಸೋಯಾ ಸಿಗುತ್ತಿರುವಾಗ ಬರೀ ನಾಲಿಗೆಯ ರುಚಿ ಅಷ್ಟು ಗಟ್ಟಿ ಕಾರಣವಲ್ಲ ಎಂಬುದು ನಮ್ಮ ಅಭಿಪ್ರಾಯ.

ಎಲ್ಲ ಮಾಂಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಅಡವಿ, ಹೊಲ ಸುತ್ತಿ ಮೇಯ್ದ ಕುರಿಯ ಬದುಕೇ ಬೇರೆ, ಶೆಡ್ಡಿನಲ್ಲಿ ನಲವತ್ತು ದಿನ ಬೆಳೆದ ಕೋಳಿಯ ಬದುಕೇ ಬೇರೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನಮ್ಮ ಉತ್ತರ ಪಂಜರದ ತತ್ತಿ ಮತ್ತು ಬ್ರಾಯ್ಲರ್ ಕೋಳಿ. ಸಂಖ್ಯೆಯೂ ಅಲ್ಲೇ ಹೆಚ್ಚು, ಸಂಕಟವೂ ಅಲ್ಲೇ ಹೆಚ್ಚು.

ನಮ್ಮ ಮನ್ಯಾಗ ತಲತಲಾಂತರದಿಂದ ಮಾಂಸ ಇಲ್ಲ. ಹಂಗಾದ್ರ ನಮಗ ಈ ಲೆಕ್ಕ ಬರಾಂಗಿಲ್ಲಲ್ಲ?

ಬರುತ್ತದೆ. ಹಾಲು, ಮೊಸರು, ತುಪ್ಪ, ಕುಂದಾ, ಪೇಢಾ ಇವೆಲ್ಲ ಒಂದು ಪ್ರಾಣಿಯ ಮೈಯಿಂದ ಬಂದವು. ಆ ಪ್ರಾಣಿಯ ಗಂಡುಕರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಸ್ಯಾಹಾರಿಯ ಮನೆಯ ಬಾಗಿಲಿಗೂ ಬರುತ್ತದೆ. ಇನ್ನೊಂದು ಮಾತು. ಮಾಂಸ ತಿನ್ನುವ ನೆರೆಯವರಿಗೆ ಬಾಡಿಗೆ ಮನೆ ಕೊಡದಿರುವುದು, ಅವರ ಕೈಯ ನೀರು ಕುಡಿಯದಿರುವುದು ಪ್ರಾಣಿದಯೆಯ ಲೆಕ್ಕಕ್ಕೆ ಸೇರುವುದಿಲ್ಲ. ಅದರಿಂದ ಒಂದು ಕುರಿಯೂ ಉಳಿಯುವುದಿಲ್ಲ, ಒಬ್ಬ ಮನುಷ್ಯನಿಗೆ ನೋವಾಗುತ್ತದೆ. ಬಸವಣ್ಣ ಹುಟ್ಟಿದ ಬಾಗೇವಾಡಿ, ಐಕ್ಯವಾದ ಕೂಡಲಸಂಗಮ ಎರಡೂ ನಮ್ಮ ನಡುವೆಯೇ ಇವೆ. ದಯೆಯನ್ನು ಮೇಲು-ಕೀಳಿನ ಅಳತೆಗೋಲು ಮಾಡಿಕೊಂಡರೆ ಆ ಹೆಸರು ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ.

ಡಾಕ್ಟರ್ ಮಟನ್ ಬ್ಯಾಡ ಅಂದಾರ. ಕೋಳಿಗೆ ಬಂದ್ರ ಪಾಪ ಕಡಿಮಿ ಆಗತೈತೇನು?

ಆರೋಗ್ಯದ ಲೆಕ್ಕ ಡಾಕ್ಟರ್ ಹೇಳಿದಂತೆ ಇರಲಿ. ಪ್ರಾಣಿಗಳ ಲೆಕ್ಕದಲ್ಲಿ ಅದು ಉಲ್ಟಾ ಆಗುತ್ತದೆ. 25 ಕೆಜಿ ತೂಗುವ ಕುರಿಯಿಂದ ಸುಮಾರು 12 ಕೆಜಿ ಮಾಂಸ ಬರುತ್ತದೆ. 2 ಕೆಜಿಯ ಬ್ರಾಯ್ಲರ್ ಕೋಳಿಯಿಂದ ಎಲುಬು ಸೇರಿ 1.3 ಕೆಜಿ ಸುತ್ತ. ಅಂದರೆ ಒಂದು ಕುರಿಯ ಜಾಗಕ್ಕೆ ಒಂಬತ್ತು ಕೋಳಿ. ವಾರಕ್ಕೊಮ್ಮೆ ಒಂದು ಕೆಜಿ ತರುವ ಮನೆಯಲ್ಲಿ ಮಟನ್ ಆದರೆ ವರ್ಷಕ್ಕೆ ನಾಲ್ಕೈದು ಕುರಿ, ಕೋಳಿ ಆದರೆ ಸುಮಾರು ನಲವತ್ತು. ಆದ್ದರಿಂದ ಮಟನ್ ಬಿಟ್ಟವರು ಆ ದಿನದ ಅಡುಗೆಗೆ ಕೋಳಿಯ ಬದಲು ಕಾಳಿಗೆ ಇಲ್ಲವೆ ಸೋಯಾಕ್ಕೆ ಬಂದರೆ ಆರೋಗ್ಯದ ಲೆಕ್ಕವೂ ಪ್ರಾಣಿಯ ಲೆಕ್ಕವೂ ಎರಡೂ ಸರಿಹೋಗುತ್ತವೆ.

ಕೋಳಿ ಶೆಡ್ಡಿನಾಗ ಅಂಥಾದ್ದೇನು ಆಗತೈತಿ?

ಬ್ರಾಯ್ಲರ್ ಮರಿ ಒಂದು ದಿನದ್ದಿರುವಾಗ 40 ಗ್ರಾಂ ಸುತ್ತ ತೂಗುತ್ತದೆ. ಆರು ವಾರದೊಳಗೆ 2 ಕೆಜಿ ದಾಟುತ್ತದೆ. ಎದೆಯ ಮಾಂಸ ಬೆಳೆಯುವ ವೇಗಕ್ಕೆ ಕಾಲಿನ ಎಲುಬು, ಹೃದಯ ಸಾಟಿಯಾಗುವುದಿಲ್ಲ. ಕೊನೆಯ ವಾರದಲ್ಲಿ ಬಹಳಷ್ಟು ಕೋಳಿಗಳು ನಡೆಯುವುದಕ್ಕಿಂತ ಕೂರುವುದೇ ಹೆಚ್ಚು. ಒದ್ದೆಯಾದ ಹಾಸಿನ ಮೇಲೆ ಕುಳಿತು ಎದೆಯ ಚರ್ಮ, ಪಾದ ಹುಣ್ಣಾಗುತ್ತದೆ. ಒಂದು ಕೋಳಿಗೆ ಸಿಗುವ ಜಾಗ ಹೆಚ್ಚುಕಡಿಮೆ ಒಂದು ಚದರ ಅಡಿ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ತೇಕುವುದೇ ಮುಖ್ಯ ದಾರಿ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟ್ ಹೋಗಿ ಫ್ಯಾನ್ ನಿಂತರೆ, ಶೆಡ್ಡಿನ ಕೋಳಿಗಳು ಸಾಲುಸಾಲಾಗಿ ಸಾಯುವುದು ಇದೇ ಕಾರಣಕ್ಕೆ.

ತತ್ತಿಯ ಕೋಳಿಯ ಕಥೆ ಇನ್ನೂ ಕಠಿಣ. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ತತ್ತಿ ಇಡುತ್ತದೆ, ಫಾರಂ ಕೋಳಿ 300ರ ಹತ್ತಿರ. ಆ ಸಿಪ್ಪೆಗೆ ಬೇಕಾದ ಸುಣ್ಣದಂಶವನ್ನು ಅದು ತನ್ನ ಎಲುಬಿನಿಂದಲೂ ಕೊಡುತ್ತದೆ, ಹಾಗಾಗಿ ಎಲುಬು ಪೊಳ್ಳಾಗಿ ಮುರಿಯುತ್ತವೆ. ಪಂಜರದಲ್ಲಿ ಒಂದು ಕೋಳಿಯ ಪಾಲು ಒಂದು ಎ4 ಕಾಗದಕ್ಕಿಂತ ಕಡಿಮೆ. ರೆಕ್ಕೆ ಬಿಚ್ಚಲು, ಮಣ್ಣು ಕೆದರಲು, ಮರೆಯಲ್ಲಿ ತತ್ತಿ ಇಡಲು ಅಲ್ಲಿ ಜಾಗವಿಲ್ಲ. ತತ್ತಿ ತಳಿಯ ಗಂಡುಮರಿ ತತ್ತಿ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಆದ್ದರಿಂದ ಅದನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ.

ಕೋಳಿಗಳ ಕಾಲು ಕಟ್ಟಿ ಬೈಕಿಗೆ ತಲೆಕೆಳಗಾಗಿ ನೇತುಹಾಕಿ ಒಯ್ಯುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಪ್ರಾಣಿಗೆ ವಿನಾಕಾರಣ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ನೀವು ಗಿರಾಕಿಯಾಗಿ ಅಂಗಡಿಯವರಿಗೆ ಇಷ್ಟನ್ನಾದರೂ ಹೇಳಬಹುದು: ಕ್ರೇಟಿನಲ್ಲಿ ತನ್ನಿ, ನೀರಿಡಿ, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬೇಡಿ. ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಲ್ಲಬಾರದು ಎಂಬುದು 2001ರ ಕಸಾಯಿಖಾನೆ ನಿಯಮಗಳಲ್ಲೇ ಇದೆ.

ಜವಾರಿ ಕೋಳಿ, ಜವಾರಿ ತತ್ತಿ ಆದ್ರ?

ಬಯಲಲ್ಲಿ ಕೆದರಿ ತಿಂದ ಕೋಳಿಯ ಬದುಕು ನಿಸ್ಸಂಶಯವಾಗಿ ಒಳ್ಳೆಯದು. ಆದರೆ ಸಿಪ್ಪೆ ಕಂದು ಬಣ್ಣದ್ದು ಎಂದ ಮಾತ್ರಕ್ಕೆ ಅದು ಜವಾರಿ ತತ್ತಿ ಆಗುವುದಿಲ್ಲ. ಕಂದು ತತ್ತಿ ಇಡುವ ಫಾರಂ ತಳಿಗಳೂ ಇವೆ. ಕೋಳಿ ಓಡಾಡುವುದನ್ನು ಕಣ್ಣಾರೆ ಕಂಡ ಮನೆಯಿಂದ ತನ್ನಿ. ಅಂಥ ಕೋಳಿ ಕಾವಿಗೆ ಕುಳಿತಾಗ ತತ್ತಿ ನಿಲ್ಲುತ್ತದೆ. ವರ್ಷವಿಡೀ ದಿನಾ ಒಂದೇ ಸಮ ಟ್ರೇಗಟ್ಟಲೆ ಸಿಗುತ್ತಿದ್ದರೆ ಅನುಮಾನಿಸಿ.

ಹಾಲು ಕುಡಿದ್ರ ಯಾವ ಜೀವ ಹೋಗತೈತ್ರಿ?

ಆಕಳಾಗಲಿ ಎಮ್ಮೆಯಾಗಲಿ ಈಯದೆ ಹಾಲು ಕೊಡುವುದಿಲ್ಲ. ಆಕಳು ಒಂಬತ್ತು ತಿಂಗಳ ಮೇಲೆ, ಎಮ್ಮೆ ಹತ್ತು ತಿಂಗಳ ಮೇಲೆ ಗಬ್ಬ ಹೊರುತ್ತದೆ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಖಿಲಾರಿ ತಳಿ ಇದ್ದ ಕಾಲಕ್ಕೆ ಗಂಡುಕರು ಎಂದರೆ ನಾಳಿನ ಎತ್ತು, ಜಾತ್ರೆಯಲ್ಲಿ ಮೆರೆಯುವ ಆಸ್ತಿ. ಎಚ್ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ಗಂಡುಕರುವಿಗೆ ಹಿಣಿಲಿಲ್ಲ, ಬಿಸಿಲು ತಡೆಯುವುದಿಲ್ಲ, ಟ್ರ್ಯಾಕ್ಟರ್ ಬಂದ ಮೇಲೆ ನೊಗವೂ ಇಲ್ಲ. ಕೋಣಗರುವಿನ ಪಾಡು ಇನ್ನೂ ಹೀನ. ಅದಕ್ಕೆ ಹಾಲು ಬಿಡದೆ, ಮೇವಿಗೂ ದಾರಿಯಿಲ್ಲದೆ, ಎರಡು ಮೂರು ತಿಂಗಳಲ್ಲಿ ಬಡಕಲಾಗಿ ಸತ್ತುಹೋಗುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಯಾರೂ ಕತ್ತಿ ಎತ್ತಿಲ್ಲ, ಆದರೂ ಜೀವ ಹೋಯಿತು.

2020ರ ಕರ್ನಾಟಕ ಜಾನುವಾರು ಹತ್ಯೆ ತಡೆ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಆಕಳು, ಎತ್ತು, ಹೋರಿ, ಕರುಗಳ ಹತ್ಯೆ ಪೂರ್ತಿ ನಿಷಿದ್ಧ. ಎಮ್ಮೆ, ಕೋಣಗಳಿಗೆ 13 ವರ್ಷ ಮೀರಿದ ಮೇಲೆ, ಅಧಿಕಾರಿಯ ಪ್ರಮಾಣಪತ್ರವಿದ್ದರೆ ಮಾತ್ರ ಅವಕಾಶ. ಆದರೆ ಬತ್ತಿದ ಆಕಳು ದಿನಕ್ಕೆ ಐದಾರು ಕೆಜಿ ಒಣಮೇವು ತಿನ್ನುತ್ತದೆ. ಬರಗಾಲದಲ್ಲಿ ಕಣಿಕಿ ಬೆಲೆ ಏರಿದಾಗ ಆ ಖರ್ಚು ಒಬ್ಬ ಸಣ್ಣ ರೈತನ ತಲೆಯ ಮೇಲೆ ಬೀಳುತ್ತದೆ. ಹಾಲು ಕುಡಿದವರು ಆ ಖರ್ಚಿನಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ. ಇದು ಅನ್ಯಾಯ ಎಂದೇ ನಮಗೆ ಅನಿಸುತ್ತದೆ.

ಹಾಲು ಬಿಡಲಾಗದವರು ಹಾಲು ಹಾಕುವ ಮನೆಯಲ್ಲಿ ಈ ಮಾತು ಕೇಳಿ. ಹೋದ ವರ್ಷದ ಗಂಡುಕರು ಎಲ್ಲಿದೆ? ಕರುವಿಗೆ ಎಷ್ಟು ಬಿಡುತ್ತೀರಿ? ಮೊದಲ ವಾರಗಳಲ್ಲಿ ಕರುವಿಗೆ ದಿನಕ್ಕೆ ತನ್ನ ತೂಕದ ಹತ್ತನೇ ಒಂದು ಪಾಲು ಹಾಲು ಬೇಕು, ಅಂದರೆ 28 ಕೆಜಿಯ ಕರುವಿಗೆ ಮೂರು ಲೀಟರಿನ ಹತ್ತಿರ. ಈದ ಮೊದಲ ದಿನದ ಗಿಣ್ಣದ ಹಾಲನ್ನು ಮನೆಗೆ ತರಬೇಡಿ. ಕರುವಿನ ಕರುಳು ಅದರಲ್ಲಿನ ರೋಗನಿರೋಧಕ ಅಂಶವನ್ನು ಹೀರುವುದು ಮೊದಲ ಇಪ್ಪತ್ನಾಲ್ಕು ತಾಸು ಮಾತ್ರ, ಅದರಲ್ಲೂ ಮೊದಲ ಆರು ತಾಸಿನಲ್ಲಿ ಹೆಚ್ಚು. ಗಿಣ್ಣ ತಿನ್ನಲೇಬೇಕೆಂದರೆ ಕರುವಿನ ಹೊಟ್ಟೆ ತುಂಬಿದ ಮೇಲೆ ಎರಡನೇ ದಿನದ್ದು ತನ್ನಿ. ದನ ಸಾಕುವವರಿಗೆ ಒಂದು ದಾರಿ: ಲಿಂಗ ವಿಂಗಡಿಸಿದ ವೀರ್ಯದ ಕೃತಕ ಗರ್ಭಧಾರಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೆಣ್ಣುಕರು ಹುಟ್ಟುತ್ತವೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಸಸ್ಯಕ್ಕೂ ಜೀವ ಐತಲ್ಲ?

ಜೀವ ಇದೆ. ನರ, ಮಿದುಳು ಇಲ್ಲ, ನೋವು ಅನುಭವಿಸುತ್ತದೆ ಎನ್ನಲು ಆಧಾರವಿಲ್ಲ. ಇದ್ದರೂ ಲೆಕ್ಕ ಬದಲಾಗುವುದಿಲ್ಲ: 2 ಕೆಜಿಯ ಕೋಳಿ ಅಷ್ಟರೊಳಗೆ ಮೂರೂವರೆ ಕೆಜಿಯ ಹತ್ತಿರ ಗೋವಿನಜೋಳ, ಸೋಯಾ ಹಿಂಡಿ ತಿಂದಿರುತ್ತದೆ. ಬೈಲಹೊಂಗಲದ ಕಡೆ ಮುಂಗಾರಿಗೆ ಬೆಳೆಯುವ ಸೋಯಾದ ಹಿಂಡಿ ಹೋಗುವುದು ಹೆಚ್ಚಾಗಿ ಇಂಥ ಮೇವಿಗೇ. ನೇರವಾಗಿ ನಾವೇ ತಿಂದರೆ ಗಿಡಗಳೂ ಕಡಿಮೆ ಸಾಯುತ್ತವೆ.

ಕುರುಬರ ಹೊಟ್ಟಿ ಮ್ಯಾಲೆ ಹೊಡಿಯೂ ಮಾತಲ್ಲೇನ್ರಿ ಇದು?

ಹಾಗಾಗಬಾರದು. ಅಮೀನಗಡ, ಕೆರೂರಿನ ಕುರಿ ಸಂತೆಗಳ ಮೇಲೆ ಸಾವಿರಾರು ಮನೆಗಳು ನಿಂತಿವೆ. ಕುರಿ ತಿನ್ನುವುದು ಸುಗ್ಗಿ ಮುಗಿದ ಹೊಲದ ಕೂಳೆ, ಬದುವಿನ ಹುಲ್ಲು, ಜಾಲಿಕಾಯಿ. ಮನುಷ್ಯ ತಿನ್ನುವ ಕಾಳನ್ನು ಅದು ಕಸಿದುಕೊಳ್ಳುವುದಿಲ್ಲ. ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ ಹಿಕ್ಕೆ, ಗಂಜಳ ಎರಡೂ ಯರಿ ಭೂಮಿಗೆ ಸೇರುತ್ತವೆ, ಅದಕ್ಕಾಗಿ ರೈತ ಕುರಿಗಾರನಿಗೆ ದುಡ್ಡು, ಕಾಳು ಕೊಡುತ್ತಾನೆ. ಹಿಂಡು ಬದುಕಿರುವಾಗಲೇ ಬರುವ ಗಳಿಕೆ ಇದು. ಅದಕ್ಕೆ ನ್ಯಾಯವಾದ ದರ ಕೊಡುವುದು, ಡೆಕ್ಕನಿ ಎಂಬ ನಮ್ಮ ಕುರಿತಳಿಯ ಉಣ್ಣೆಯ ಕಂಬಳಿ ಕೊಳ್ಳುವುದು ಕುರಿಗಾರನಿಗೂ ಕುರಿಗೂ ಒಳ್ಳೆಯದು.

ಹವಾಮಾನದ ಲೆಕ್ಕದಲ್ಲಿ ಕುರಿಯೂ ಮೀಥೇನ್ ಬಿಡುತ್ತದೆ, ಸುಳ್ಳಲ್ಲ. ಮನುಷ್ಯನಿಂದಾಗುವ ಹಸಿರುಮನೆ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜು ಮಾಡಿತ್ತು. ಆದರೂ ಬದಲಾವಣೆಯ ಭಾರವನ್ನು ಮೊದಲು ಹೊರಬೇಕಾದವರು ವಾರಕ್ಕೆ ಮೂರು ಸಲ ಪಾರ್ಸಲ್ ತರಿಸುವ ನಗರದ ಮನೆಯವರು. ವರ್ಷಕ್ಕೆರಡು ಸಲ ಹಬ್ಬಕ್ಕೆ ಉಣ್ಣುವವರ ಮೇಲೆ ಅದನ್ನು ಹೊರಿಸಬಾರದು.

ಆಲಮಟ್ಟಿ ಹಿನ್ನೀರಿನ ಮೀನು?

ಮೀನಿನ ಬಾಯಿ, ಮುಖದಲ್ಲಿ ನೋವು ಗ್ರಹಿಸುವ ನರಗಳಿರುವುದನ್ನು ಟ್ರೌಟ್ ಮೀನಿನ ಮೇಲಿನ ಅಧ್ಯಯನ 2003ರಲ್ಲೇ ತೋರಿಸಿತು. ನೀರಿನಿಂದ ತೆಗೆದ ಮೀನು ಉಸಿರುಗಟ್ಟಿ ಸಾಯಲು ಬಹಳ ಹೊತ್ತು ಹಿಡಿಯುತ್ತದೆ. ಹಿಡಿದ ತಕ್ಷಣ ತಲೆಗೆ ಒಂದೇ ಏಟು ಹಾಕಿ ಕೊಲ್ಲುವುದು ಬುಟ್ಟಿಯಲ್ಲಿ ಒದ್ದಾಡಲು ಬಿಡುವುದಕ್ಕಿಂತ ಕಡಿಮೆ ಕ್ರೂರ.

ಮಾಂಸ ಬಿಟ್ರ ಮೈಯಾಗ ಶಕ್ತಿ ಎಲ್ಲಿಂದ ಬರಬೇಕು?

ಪ್ರೋಟೀನ್ ಲೆಕ್ಕ ಸುಲಭ. ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. 60 ಕೆಜಿಯವರಿಗೆ 50 ಗ್ರಾಂ. ಈಗ ನಮ್ಮ ಊಟ ನೋಡಿ: ಮೂರು ಜೋಳದ ರೊಟ್ಟಿ (ಹಿಟ್ಟು 180 ಗ್ರಾಂ) 18 ಗ್ರಾಂ, ಮಡಕಿಕಾಳು ಪಲ್ಯ (ಒಣಕಾಳು 50 ಗ್ರಾಂ) 10, ತೊಗರಿಬ್ಯಾಳಿ 40 ಗ್ರಾಂ ಹಾಕಿದ ಸಾರು 8 ರಿಂದ 9, ಝುಣಕಕ್ಕೆ 30 ಗ್ರಾಂ ಕಡಲಿಹಿಟ್ಟು 6, ಶೇಂಗಾ ಹಿಂಡಿ (ಚಟ್ನಿಪುಡಿ) 20 ಗ್ರಾಂ 5, ಒಂದು ಬಟ್ಟಲು ಮೊಸರು 4 ರಿಂದ 5. ಒಟ್ಟು 50 ದಾಟಿತು. ಮೊಸರೂ ಬೇಡವೆಂದರೆ 10 ಗ್ರಾಂ ಒಣ ಸೋಯಾ ಉಂಡೆ ಅದರ ಜಾಗ ತುಂಬುತ್ತದೆ.

ಎಡವುವುದು ಎಲ್ಲಿ ಗೊತ್ತೇ? ಮಾಂಸ ಬಿಟ್ಟ ಮೇಲೆ ಬರೀ ರೊಟ್ಟಿ, ಕೆಂಪು ಖಾರ, ನೀರು ನೀರಾದ ಸಾರಿಗೆ ಇಳಿಯುವಲ್ಲಿ. ಅದರಲ್ಲಿ 25 ಗ್ರಾಂ ಕೂಡ ಬರುವುದಿಲ್ಲ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳು ಬ್ಯಾಳಿಗಳಲ್ಲಿ ಅದು ಹೆಚ್ಚು. ರೊಟ್ಟಿಯ ಜೊತೆ ಕಾಳುಪಲ್ಯ ಇಡುವ ನಮ್ಮ ಹಿರಿಯರ ಪದ್ಧತಿ ಆ ಕೊರತೆಯನ್ನು ಸರಿಯಾಗಿ ತುಂಬುತ್ತದೆ. ಕಬ್ಬಿಣಾಂಶಕ್ಕೆ ಪುಂಡಿಪಲ್ಯ, ರಾಜಗಿರಿ, ಹುರಳಿ ಚಲೋ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಚಹಾ ಬೇಡ, ಒಂದು ತಾಸು ತಡೆಯಿರಿ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ.

ಬಿ12 ಅಂತಾರಲ್ಲ, ಅದೇನು?

ಇದೊಂದರಲ್ಲಿ ಅಲಕ್ಷ್ಯ ಮಾಡಬೇಡಿ. ಬಿ12 ಎಂದರೆ ರಕ್ತಕ್ಕೂ ನರಕ್ಕೂ ಬೇಕಾದ ಒಂದು ವಿಟಮಿನ್. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗದು ಮಾಂಸ, ಮೀನು, ತತ್ತಿ, ಹಾಲಿನಿಂದ ಬರುತ್ತದೆ. ಕಾಳು, ಸೊಪ್ಪು, ಇಡ್ಲಿ ಹಿಟ್ಟು, ಸ್ಪಿರುಲಿನಾ ಯಾವುದನ್ನೂ ನಂಬುವಂತಿಲ್ಲ. ಕೊರತೆಯಾದರೆ ಪಾದ ಜುಮುಗುಡುವುದು, ನಾಲಿಗೆ ಉರಿ, ದಣಿವು, ಮರೆವು. ವರ್ಷಗಟ್ಟಲೆ ಬಿಟ್ಟರೆ ನರಕ್ಕಾದ ಹಾನಿ ಪೂರ್ತಿ ವಾಸಿಯಾಗದೇ ಉಳಿಯಬಹುದು. ಬರೀ ಫೋಲಿಕ್ ಆಸಿಡ್ ಗುಳಿಗೆ ತಿಂದರೆ ರಕ್ತ ಸುಧಾರಿಸಿದಂತೆ ಕಂಡು ನರದ ಹಾನಿ ಒಳಗೇ ಮುಂದುವರಿಯುತ್ತದೆ.

ಹಾಲನ್ನೂ ಬಿಟ್ಟವರು ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೆ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಗುಳಿಗೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ಇನ್ನೂ ಇಳಿಯುತ್ತದೆ, ಅವರು ಹಾಲು ಕುಡಿಯುವವರಾದರೂ ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರು, ಮೊಲೆ ಉಣಿಸುವ ತಾಯಂದಿರು ಡಾಕ್ಟರನ್ನು ಕೇಳಿಯೇ ಪ್ರಮಾಣ ನಿಗದಿ ಮಾಡಿಕೊಳ್ಳಲಿ.

ಸಾಲ್ಯಾಗ ಮಕ್ಕಳಿಗೆ ತತ್ತಿ ಕೊಡ್ತಾರ. ಬ್ಯಾಡ ಅನ್ನಲೇನು?

ಮನೆಯಲ್ಲಿ ಹಾಲು, ಕಾಳು ದಿನಾ ಸಿಗುವ ಮಗುವಾದರೆ ನಿಮ್ಮ ಇಷ್ಟ. ಅಷ್ಟು ಸಿಗದ ಮಗುವಿನ ಕೈಯಿಂದ ತತ್ತಿ ಕಸಿಯಬೇಡಿ. ಮಕ್ಕಳ ಅಪೌಷ್ಟಿಕತೆ ಹೆಚ್ಚಿದ್ದ ಕಾರಣಕ್ಕೇ 2021ರ ಡಿಸೆಂಬರಿನಲ್ಲಿ ತತ್ತಿ ಶುರುವಾದ ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್, ಬಿ12 ಎರಡೂ ಇವೆ. ತತ್ತಿಯ ಬದಲು ಕೊಡುವ ಬಾಳೆಹಣ್ಣಿನಲ್ಲಿ ಒಂದೇ ಗ್ರಾಂ ಪ್ರೋಟೀನ್. ತತ್ತಿ ಬೇಡವೆನ್ನುವವರು ಮಗುವಿಗೆ ಮನೆಯಲ್ಲಿ ಶೇಂಗಾ, ಕಾಳು ಕೊಡಲಿ. ದೊಡ್ಡವರ ನೈತಿಕ ನಿರ್ಧಾರದ ಬೆಲೆಯನ್ನು ಹಸಿದ ಮಗು ತೆರಬಾರದು.

ಸೋಯಾ ಉಂಡಿ ಮಾಡಿದ್ರ ರಬ್ಬರ್ ತಿಂದಂಗ ಆಗತೈತಿ, ವಾಸನಿ ಬ್ಯಾರೆ. ಹೆಂಗ ಮಾಡಬೇಕು?

ಸೋಯಾ ಉಂಡೆ ಎಂದರೆ ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿಯಲ್ಲಿ ಒತ್ತಿ ಉಬ್ಬಿಸಿದ್ದು. ಒಳಗೆಲ್ಲ ಸ್ಪಂಜಿನಂಥ ತೂತು. ಕುದಿಸಿದಾಗ ಅದರೊಳಗೆ ನೀರು ಹೊಕ್ಕಿರುತ್ತದೆ, ಆ ನೀರನ್ನು ಹಿಂಡಿ ತೆಗೆಯದಿದ್ದರೆ ಮಸಾಲಿಗೆ ಜಾಗವೇ ಇರುವುದಿಲ್ಲ. ಎಲ್ಲ ತಪ್ಪೂ ಇಲ್ಲಿಂದಲೇ ಶುರು.

ನಾಲ್ಕು ಜನಕ್ಕೆ 100 ಗ್ರಾಂ ಒಣ ಉಂಡೆ ಸಾಕು, ಅದರಲ್ಲೇ 50 ಗ್ರಾಂ ಮೇಲೆ ಪ್ರೋಟೀನ್ ಇದೆ. ಒಂದೂವರೆ ಲೀಟರ್ ಕುದಿಯುವ ನೀರಿಗೆ ಒಂದು ಚಮಚ ಉಪ್ಪು ಹಾಕಿ ಉಂಡೆಗಳನ್ನು ಐದರಿಂದ ಏಳು ನಿಮಿಷ ಕುದಿಸಿ. ಹತ್ತು ನಿಮಿಷ ದಾಟಿದರೆ ಮುದ್ದೆಯಾಗುತ್ತದೆ. ಬಸಿದು ತಣ್ಣೀರಿಗೆ ಹಾಕಿ, ಎರಡೂ ಅಂಗೈ ನಡುವೆ ಇಟ್ಟು ಒತ್ತಿ. ಮೊದಲ ಸಲ ಹಳದಿ, ನೊರೆ ನೊರೆಯಾದ ನೀರು ಬರುತ್ತದೆ, ವಾಸನೆ ಇರುವುದು ಅದರಲ್ಲೇ. ಇನ್ನೆರಡು ಸಲ ತಣ್ಣೀರು ಬದಲಿಸಿ ಹಿಂಡಿ. ಮೂರನೇ ಸಲ ನೀರು ತಿಳಿಯಾಗಿ ಬಂದರೆ ಮುಗಿಯಿತು.

ಹಿಂಡಿದ ಉಂಡೆಗೆ ಎರಡು ಚಮಚ ಮೊಸರು (ಬೇಡವಾದರೆ ನಿಂಬೆರಸ), ಹಸಿಶುಂಠಿ-ಬಳ್ಳೊಳ್ಳಿ ಪೇಸ್ಟ್, ಅರಿಶಿನ, ಉಪ್ಪು, ಒಂದು ಚಮಚ ಕಡಲಿಹಿಟ್ಟು ಹಚ್ಚಿ ಅರ್ಧ ತಾಸು ಬಿಡಿ. ಮಟನ್‌ನಲ್ಲಿ ಕೊಬ್ಬು ಇರುತ್ತದೆ, ಇದರಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ಒಣಒಣ ಎನಿಸುತ್ತದೆ. ಅಗಲವಾದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಉಂಡೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಅಂಚು ಕೆಂಪಾಗುವವರೆಗೆ ಹುರಿದು ತೆಗೆದಿಡಿ. ಮಸಾಲಿಗೆ ನಮ್ಮ ಮಟನ್ ಮಸಾಲಿಯೇ ಆಗಲಿ: ಒಲೆಯ ಮೇಲೆ ಇಡಿಯಾಗಿ ಸುಟ್ಟ ಎರಡು ಉಳ್ಳಾಗಡ್ಡಿ, ಹುರಿದ 40 ಗ್ರಾಂ ಒಣಕೊಬ್ಬರಿ, ಒಂದು ಚಮಚ ಎಳ್ಳು, ಅರ್ಧ ಚಮಚ ಗಸಗಸಿ, ಎರಡು ಚಮಚ ಕೊತ್ತಂಬರಿ ಬೀಜ, ಐದಾರು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ. ರುಬ್ಬಿದ್ದನ್ನು ಎಣ್ಣೆ ಬಿಡುವವರೆಗೆ ಹುರಿದು, ನೀರು ಹಾಕಿ ಕುದಿಸಿ, ಉಂಡೆ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಬೆಳಿಗ್ಗೆ ಮಾಡಿ ರಾತ್ರಿ ಉಂಡರೆ ಇನ್ನೂ ಚಲೋ, ಮಸಾಲಿ ಒಳಗಿಳಿದಿರುತ್ತದೆ.

ಮನೆಯಲ್ಲಿ ಒಬ್ಬರು ಮಾಂಸ ತಿಂದು ಇನ್ನೊಬ್ಬರು ತಿನ್ನದಿದ್ದರೆ ಇದೇ ಮಸಾಲಿಯನ್ನು ಒಮ್ಮೆಗೇ ರುಬ್ಬಿ, ಎರಡು ಪಾತ್ರೆಗೆ ಹಂಚಿಕೊಳ್ಳಿ. ಅಡುಗೆಯವಳಿಗೆ ಎರಡು ಅಡುಗೆಯ ಭಾರ ಬೀಳುವುದಿಲ್ಲ. ಥೈರಾಯ್ಡ್ ಗುಳಿಗೆ ನುಂಗುವವರು ಗುಳಿಗೆಗೂ ಸೋಯಾಕ್ಕೂ ನಾಲ್ಕು ತಾಸು ಅಂತರ ಇಡಿ.

ಪನೀರಿನ ಬದಲು ಟೋಫು ಮನ್ಯಾಗ ಆಗತೈತೇನು?

ಆಗುತ್ತದೆ. 250 ಗ್ರಾಂ ಸೋಯಾಕಾಳು ತೊಳೆದು ಎಂಟರಿಂದ ಹತ್ತು ತಾಸು ನೆನೆಸಿ. ಬೇಸಿಗೆಯಲ್ಲಿ ಆರು ತಾಸು ಸಾಕು, ಹೆಚ್ಚಾದರೆ ಹುಳಿ ವಾಸನೆ ಬರುತ್ತದೆ. ಕಾಳನ್ನು ಮುರಿದರೆ ನಡುವೆ ಗಟ್ಟಿ ತಿರುಳು ಕಾಣಬಾರದು. ಒಟ್ಟು ಎರಡು ಲೀಟರ್ ಬಿಸಿನೀರು ಬಳಸಿ ನುಣ್ಣಗೆ ರುಬ್ಬಿ. ತಣ್ಣೀರಲ್ಲಿ ರುಬ್ಬಿದರೆ ಹಸಿ ವಾಸನೆ ಹುಟ್ಟಿಸುವ ಕಿಣ್ವ ಕೆಲಸ ಶುರುಮಾಡುತ್ತದೆ. ತೆಳು ಅರಿವೆಯಲ್ಲಿ ಹಿಂಡಿ ಸೋಸಿ. ಹಾಲನ್ನು ಎರಡರಷ್ಟು ದೊಡ್ಡ ಪಾತ್ರೆಯಲ್ಲೇ ಕಾಯಿಸಿ, ನೊರೆ ಒಮ್ಮೆಲೇ ಉಕ್ಕುತ್ತದೆ. ಉಕ್ಕಿದ್ದು ಕುದಿಯಲ್ಲ, ನೊರೆ ಇಳಿದ ಮೇಲೆ ಹತ್ತು ನಿಮಿಷ ನಿಜವಾಗಿ ಕುದಿಯಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗಲು ಅಡ್ಡಿಮಾಡುವ ಅಂಶವಿದೆ, ಕಡಿಮೆ ಕುದಿಸಿದರೆ ಹೊಟ್ಟೆ ಕೆಡುತ್ತದೆ.

ಉರಿ ಆರಿಸಿ ಐದು ನಿಮಿಷ ಬಿಟ್ಟು, ಮೂರು ದೊಡ್ಡ ಚಮಚ ನಿಂಬೆರಸವನ್ನು ಒಂದು ಬಟ್ಟಲು ಬೆಚ್ಚಗಿನ ನೀರಿಗೆ ಕಲಸಿ ಮೂರು ಸಲಕ್ಕೆ ಹಾಕಿ. ಪ್ರತಿ ಸಲ ಎರಡೇ ಸುತ್ತು, ಮೆಲ್ಲಗೆ. ಜೋರಾಗಿ ತಿರುವಿದರೆ ಪುಡಿಪುಡಿ. ಮುಚ್ಚಿ ಹದಿನೈದು ನಿಮಿಷ ಬಿಡಿ. ನೀರು ತಿಳಿಹಳದಿಯಾಗಿ ಬೇರ್ಪಟ್ಟರೆ ಸರಿ, ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಒಂದು ಚಮಚ ರಸ ಸೇರಿಸಿ. ಅರಿವೆ ಹಾಸಿದ ಜರಡಿಗೆ ಸುರಿದು, ಒಂದು ಕೆಜಿ ತೂಕ ಹೇರಿ ಅರ್ಧ ತಾಸು. 300 ಗ್ರಾಂ ಮೇಲೆ ಟೋಫು ಸಿಗುತ್ತದೆ. ಫ್ರಿಜ್ಜಿನಲ್ಲಿ ನೀರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸಿದರೆ ಮೂರು ದಿನ ಇರುತ್ತದೆ. ಹಿಂಡಿ ಉಳಿದ ಹಿಪ್ಪೆಯನ್ನು ಚೆಲ್ಲಬೇಡಿ, ಬಾಣಲೆಯಲ್ಲಿ ಉದುರಾಗುವವರೆಗೆ ಹುರಿದು ಝುಣಕಕ್ಕೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹಲಸಿನಕಾಯಿ, ಅಣಬಿ?

ಬಾಯಿಗೆ ಮಾಂಸದಂತೆ ಅನಿಸಬಹುದು, ಪ್ರೋಟೀನ್ ಮಾತ್ರ ನೂರು ಗ್ರಾಂಗೆ ಮೂರರ ಸುತ್ತ. ರುಚಿಗೆ ತಿನ್ನಿ, ಜೊತೆಗೆ ಬ್ಯಾಳಿ ಇರಲಿ.

ಪಾಕೀಟಿನ ಮ್ಯಾಲಿನ ಗುರುತು ಹೆಂಗ ಓದಬೇಕು? ಕರದಂಟಿನ ಅಂಟು ಪ್ರಾಣಿದೇನು?

ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಆದರೆ ಹಾಲು, ಜೇನು ಇರಬಹುದು. ಕಂದು ಚೌಕದಲ್ಲಿ ಕಂದು ತ್ರಿಕೋನ ಇದ್ದರೆ ಮಾಂಸಾಹಾರ, ತತ್ತಿ ಇದ್ದರೂ ಅದೇ. ಹಾಲೂ ಇಲ್ಲದ ವೀಗನ್ ಆಹಾರಕ್ಕೆ 2022ರ ನಿಯಮಗಳಡಿ ಹಸಿರು ‘ವಿ’ ಅಕ್ಷರದ ಬೇರೆ ಗುರುತಿದೆ. ಗೋಕಾಕ, ಅಮೀನಗಡದ ಕರದಂಟಿನ ಅಂಟು ಗಿಡದ್ದು. ಅದನ್ನು ಹುರಿಯುವುದು ತುಪ್ಪದಲ್ಲಿ, ಹಾಲಿನ ಪದಾರ್ಥ ಬಿಟ್ಟವರಿಗೆ ಅದೊಂದೇ ಅಡ್ಡಿ. ಸಕ್ಕರೆಗೆ ಮೂಳೆಯ ಇದ್ದಿಲು ಬಳಸುತ್ತಾರೆ ಎಂಬ ಸುದ್ದಿ ಹೊರದೇಶದ್ದು. ನಮ್ಮ ಕಬ್ಬಿನ ಸೀಮೆಯ ಕಾರ್ಖಾನೆಗಳು ಸಾಮಾನ್ಯವಾಗಿ ರಸ ಶುದ್ಧಿಮಾಡುವುದು ಸುಣ್ಣ ಮತ್ತು ಗಂಧಕದ ಹೊಗೆಯಿಂದ.

ಪ್ರಯೋಗಾಲಯದಾಗ ಬೆಳೆಸಿದ ಮಾಂಸ ಬರತೈತಂತ?

ಪ್ರಾಣಿಯ ಕೋಶ ತೆಗೆದು ತೊಟ್ಟಿಯಲ್ಲಿ ಬೆಳೆಸಿದ ಮಾಂಸದ ಮೊದಲ ಬರ್ಗರನ್ನು 2013ರಲ್ಲಿ ಲಂಡನ್ನಿನಲ್ಲಿ ತೋರಿಸಿದರು. ಸಿಂಗಪುರ 2020ರಲ್ಲಿ, ಅಮೆರಿಕ 2023ರಲ್ಲಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟವು. ಆರಂಭದಲ್ಲಿ ಕೋಶ ಬೆಳೆಸಲು ಹುಟ್ಟದ ಕರುವಿನ ರಕ್ತದ ಸೀರಂ ಬೇಕಾಗುತ್ತಿತ್ತು. ಅದಿಲ್ಲದೆ ಬೆಳೆಸಿದ್ದಾದರೆ ನಮ್ಮ ವಿರೋಧವಿಲ್ಲ. ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ, ಮಡಕಿಕಾಳು ಇವತ್ತೇ ಸಿಗುತ್ತದೆ.

ದ್ಯಾಮವ್ವನ ಜಾತ್ರಿ, ಕಂದೂರಿ (ಹರಕಿ ಬಾಡೂಟ) ಬಂದ್ರ ಏನು ಮಾಡಬೇಕು?

ದೇವಸ್ಥಾನ, ಅದರ ಆವರಣ, ಮೆರವಣಿಗೆಯಲ್ಲಿ ಪ್ರಾಣಿಬಲಿಯನ್ನು ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ. ಆದರೂ ಹರಕೆ ಹೊತ್ತವರ ಮನಸ್ಸನ್ನು ಬೈದು ತಿರುಗಿಸಲಾಗುವುದಿಲ್ಲ. ದೇವಿಗೆ ನಡೆದುಕೊಳ್ಳುವ ರೀತಿ ಒಂದೇ ಅಲ್ಲ. ಸವದತ್ತಿ ಯಲ್ಲಮ್ಮನಿಗೆ ಹೋಳಿಗೆ, ಕಡಬು, ಬದನಿಕಾಯಿ ಪಲ್ಯ ಮಾಡಿ ಪಡ್ಡಲಗಿ (ನೈವೇದ್ಯದ ಬುಟ್ಟಿ) ತುಂಬಿಸುತ್ತಾರೆ, ಅವಳೂ ಶಕ್ತಿದೇವತೆಯೇ. ಹಿರಿಯರ ಮುಂದೆ ಈ ಮಾತಿಡಿ: ಹರಕೆಯ ಕುರಿಯನ್ನು ಕೊಯ್ಯದೆ ದೇವಿಯ ಹೆಸರಲ್ಲಿ ಹಿಂಡಿಗೆ ಬಿಡೋಣ, ಊರೂಟಕ್ಕೆ ಹೋಳಿಗೆ ಮಾಡೋಣ. ಜಾತ್ರೆಗೆ ಆರು ತಿಂಗಳ ಮುಂಚೆ ಆಡಿದ ಮಾತು ಫಲ ಕೊಡುತ್ತದೆ. ಕುರಿ ತಂದು ಕಟ್ಟಿದ ಮೇಲೆ ಆಡಿದ್ದು ಜಗಳವಾಗುತ್ತದೆ.

ಮನ್ಯಾಗ ಮುಧೋಳ ನಾಯಿ ಐತಿ, ಬೆಕ್ಕೂ ಐತಿ. ಅವಕ್ಕೂ ಮಾಂಸ ಬಿಡಿಸಬಹುದೇನು?

ನಾಯಿಗೆ ಪಿಷ್ಟ ಅರಗುತ್ತದೆ. ರೊಟ್ಟಿ, ಹಾಲಿನ ಮೇಲೆ ಮುಧೋಳ ನಾಯಿಗಳು ಬೆಳೆದುಬಂದಿವೆ. ರೊಟ್ಟಿ ಜೊತೆ ಬೇಯಿಸಿದ ಬ್ಯಾಳಿ, ತತ್ತಿ ಸೇರಿಸಿದರೆ ಓಡುವ ನಾಯಿಗೂ ಪ್ರೋಟೀನ್ ಸಾಕಾಗುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ವಿಜಯಪುರದ ದ್ರಾಕ್ಷಿ ತೋಟದವರು ಇದನ್ನು ಮುಖ್ಯವಾಗಿ ನೆನಪಿಡಿ, ಉದುರಿದ ಹಣ್ಣು ತಿಂದ ನಾಯಿಗೆ ಮೂತ್ರಪಿಂಡ ಕೈಕೊಡಬಹುದು. ಬೆಕ್ಕಿಗೆ ಮಾತ್ರ ಮಾಂಸ ಬಿಡಿಸಬೇಡಿ. ಟೌರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಅದು ಸಿಗುವುದು ಮಾಂಸ, ಮೀನಿನಲ್ಲಿ. ಕೊರತೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಬರೀ ಹಾಲು-ಅನ್ನ ಹಾಕಿ ಸಾಕಿದ ಬೆಕ್ಕು ಮಂಕಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.